ಮದ್ದು ಹೊತ್ತ ಗುಳ್ಳೆ ಆಸ್ಪತ್ರೆಗೆ ಬರುವುದು ಎಂದು?

ನಾರ್ವೆಯ ಬರ್ಗೆನ್ ನಗರದ ಹಾಕ್‌ಲಾಂಡ್ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಹತ್ತು ಮಂದಿಗೆ ನಡೆದ ಚಿಕಿತ್ಸೆಯನ್ನು ಬಾಗಿಲಲ್ಲಿ ನಿಂತು ನೋಡಿದವರಿಗೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಹತ್ತೂ ಜನರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಆಪರೇಷನ್ ಮಾಡುವ ಹಂತ ದಾಟಿತ್ತು. ಮೊದಲು ಡ್ರಿಪ್ ಹಾಕಿ ಅರ್ಧ ಗಂಟೆ ಜೆಮ್‌ಸಿಟಬಿನ್ ಎಂಬ ಹಳೆಯ ಕೀಮೋ ಔಷಧ ಹರಿಸಿದರು. ಆಮೇಲೆ ಹೊಟ್ಟೆಯ ಮೇಲೆ ಜೆಲ್ ಸವರಿ ಸ್ಕ್ಯಾನಿಂಗ್ ಪ್ರೋಬ್ ಇಟ್ಟರು. ಯಂತ್ರವೂ ಹೊಸದಲ್ಲ. ಬಸುರಿಯರಿಗೂ ಪಿತ್ತಕೋಶದ ಕಲ್ಲಿನವರಿಗೂ ಬಳಸುವಂಥ ಮಾಮೂಲಿ ಅಲ್ಟ್ರಾಸೌಂಡ್. ಬೇರೆಯಾಗಿದ್ದದ್ದು ಒಂದೇ: ಮೂರೂವರೆ ನಿಮಿಷಕ್ಕೊಮ್ಮೆ ಅರ್ಧ ಮಿಲಿಲೀಟರ್‌ನಷ್ಟು ಹಾಲಿನ ಬಣ್ಣದ ದ್ರವವನ್ನು ರಕ್ತನಾಳಕ್ಕೆ ಕೊಟ್ಟು, ಹಿಂದೆಯೇ ಸ್ವಲ್ಪ ಸಲೈನ್ ಬಿಡುತ್ತಿದ್ದರು. ಒಂದು ಸೀಸೆ ಖಾಲಿಯಾಗುವವರೆಗೆ, ಅಂದರೆ ಸುಮಾರು ಮೂವತ್ತೊಂದೂವರೆ ನಿಮಿಷ, ಪ್ರೋಬ್ ಗಡ್ಡೆಯ ಮೇಲೆಯೇ ಇತ್ತು.

2016ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಅದೇ ಆಸ್ಪತ್ರೆಯಲ್ಲಿ ಹಿಂದೆ ಬರಿಯ ಜೆಮ್‌ಸಿಟಬಿನ್ ಪಡೆದ 63 ರೋಗಿಗಳು ಬದುಕಿದ ಅವಧಿಯ ಮಧ್ಯಾಂಕ 8.9 ತಿಂಗಳು. ಈ ಹತ್ತು ಜನರದ್ದು 17.6 ತಿಂಗಳು. ಅವರು ತಾಳಿಕೊಂಡ ಕೀಮೋ ಸುತ್ತುಗಳೂ ಹೆಚ್ಚು. ಔಷಧ ಹೊಸದಲ್ಲ, ಪ್ರಮಾಣ ಹೆಚ್ಚಿಸಿಲ್ಲ. ಸೇರಿದ್ದು ಆ ಬಿಳಿಯ ದ್ರವ ಮತ್ತು ಕಿವಿಗೆ ಕೇಳದ ಸದ್ದು, ಅಷ್ಟೇ.

ಹತ್ತೇ ಜನರ ಅಧ್ಯಯನ, ಅದೂ ಹಳೆಯ ಕಡತಗಳ ರೋಗಿಗಳೊಂದಿಗಿನ ಹೋಲಿಕೆ. ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿ ಹಂಚಿದ ಪ್ರಯೋಗವಲ್ಲ. ಇದನ್ನು 'ಆಯಸ್ಸು ಇಮ್ಮಡಿ' ಎಂದು ಶೀರ್ಷಿಕೆ ಕೊಟ್ಟು ಹಾಕಿದರೆ ಓದುಗರಿಗೆ ಮಾಡುವ ಮೋಸ. ಆದರೂ ಈ ಕಥೆಯನ್ನು ಬರ್ಗೆನ್‌ನಿಂದ ಶುರು ಮಾಡಲು ಕಾರಣವಿದೆ. ಗುಳ್ಳೆಗಳ ಮೂಲಕ ಔಷಧ ಸಾಗಿಸುವ ಸಂಶೋಧನೆ ಜಗತ್ತಿನ ಹತ್ತಾರು ಲ್ಯಾಬ್‌ಗಳಲ್ಲಿ ದಶಕಗಳಿಂದ ನಡೆದಿದೆ. ಅದರಲ್ಲಿ ರೋಗಿಯ ಹಾಸಿಗೆಯವರೆಗೆ ಬಂದು ತಲುಪಿದ್ದು ಬಹಳ ಕಡಿಮೆ. ಬಂದದ್ದು ಹೇಗೆ ಬಂತು, ಬಾರದ್ದು ಎಲ್ಲಿ ನಿಂತಿತು ಎಂಬುದೇ ಇಲ್ಲಿನ ಸ್ವಾರಸ್ಯ.

ಸೀಸೆಯಲ್ಲಿ ಇದ್ದದ್ದೇನು?

ಆ ದ್ರವದ ಹೆಸರು ಸೋನೋವ್ಯೂ. ಸೀಸೆಯೊಳಗೆ ಬಿಳಿ ಪುಡಿ ಮತ್ತು ಒಂದು ಅನಿಲ ಇರುತ್ತವೆ. ನರ್ಸ್ 5 ಮಿಲಿಲೀಟರ್ ಸಲೈನ್ ಹಾಕಿ ಇಪ್ಪತ್ತು ಸೆಕೆಂಡು ಕುಲುಕಿದರೆ ಹಾಲಿನಂತಾಗುತ್ತದೆ. ಆ ಬಿಳುಪೇ ಗುಳ್ಳೆಗಳು. ಒಂದೊಂದೂ ಸರಾಸರಿ ಎರಡೂವರೆ ಮೈಕ್ರೋಮೀಟರ್, ನಮ್ಮ ಕೆಂಪು ರಕ್ತಕಣದ ಮೂರನೇ ಒಂದು ಪಾಲು. ಹೊರಗೆ ಕೊಬ್ಬಿನ ತೆಳುಪೊರೆ, ಒಳಗೆ ಸಲ್ಫರ್ ಹೆಕ್ಸಾಫ್ಲೋರೈಡ್. ಕೆಪಿಟಿಸಿಎಲ್ ಸಬ್‌ಸ್ಟೇಷನ್‌ಗಳ ಸರ್ಕಿಟ್ ಬ್ರೇಕರ್‌ಗಳಲ್ಲಿ ಕಿಡಿ ನಂದಿಸಲು ತುಂಬಿಡುತ್ತಾರಲ್ಲ, ಎಂಜಿನಿಯರುಗಳು ಎಸ್‌ಎಫ್ ಸಿಕ್ಸ್ ಎನ್ನುತ್ತಾರಲ್ಲ, ಅದೇ ಅನಿಲ. ನೀರಿನಲ್ಲಿ ಕರಗಲು ಒಲ್ಲದ, ಯಾವುದರೊಂದಿಗೂ ಬೆರೆಯದ ಅದರ ಜಡ ಸ್ವಭಾವ ಎರಡೂ ಕಡೆ ಉಪಯೋಗಕ್ಕೆ ಬಂದಿದೆ. ದೇಹದಲ್ಲಿ ಅದು ಬಹಳ ಹೊತ್ತು ಉಳಿಯುವುದಿಲ್ಲ. ಎರಡು ನಿಮಿಷದಲ್ಲಿ ಶೇ 80ಕ್ಕೂ ಹೆಚ್ಚು, ಹದಿನೈದು ನಿಮಿಷದಲ್ಲಿ ಹೆಚ್ಚೂಕಡಿಮೆ ಎಲ್ಲವೂ ಉಸಿರಿನಲ್ಲಿ ಹೊರಹೋಗುತ್ತದೆ.

ಇದನ್ನು ತಯಾರಿಸಿದ್ದು ಚಿಕಿತ್ಸೆಗಾಗಿ ಅಲ್ಲ, ಚಿತ್ರಕ್ಕಾಗಿ. 1968ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ರೇಮಂಡ್ ಗ್ರಾಮಿಯಾಕ್ ಮತ್ತು ಪ್ರವೀಣ್ ಶಾ ಎಂಬ ವೈದ್ಯರು, ಹೃದಯದ ಸ್ಕ್ಯಾನಿಂಗ್ ವೇಳೆ ಇಂಜೆಕ್ಷನ್ ಕೊಟ್ಟ ಕೂಡಲೇ ಪರದೆಯ ಮೇಲೆ ರಕ್ತ ಮೋಡದಂತೆ ಬೆಳಗುವುದನ್ನು ವರದಿ ಮಾಡಿದ್ದರು. ಬೆಳಗಿಸಿದ್ದು ದ್ರವದೊಳಗೆ ಸೇರಿಕೊಂಡಿದ್ದ ಗುಳ್ಳೆಗಳು. ಅನಿಲಕ್ಕೆ ತಗುಲಿದ ಶಬ್ದ ರಕ್ತಕ್ಕೆ ತಗುಲಿದ್ದಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಹಿಂತಿರುಗುತ್ತದೆ. ಅಲ್ಲಿಂದ ಮುಂದೆ ಆಲ್ಬುನೆಕ್ಸ್, ಆಪ್ಟಿಸನ್, ಡೆಫಿನಿಟಿ, ಸೋನೋವ್ಯೂ ಎಂದು ಒಂದರ ಹಿಂದೊಂದು ಮಾರುಕಟ್ಟೆಗೆ ಬಂದವು.

ಚಿತ್ರಕ್ಕೆಂದು ಬಿಟ್ಟ ಗುಳ್ಳೆ ಸುಮ್ಮನೆ ಹೊಳೆದು ಹೋಗುವುದಿಲ್ಲ, ಕುಣಿಯುತ್ತದೆ. 1933ರಲ್ಲಿ ಮಾರ್ಸೆಲ್ ಮಿನಾರ್ಟ್ ಎಂಬ ವಿಜ್ಞಾನಿ ಹರಿಯುವ ನೀರು ಏಕೆ ಸದ್ದು ಮಾಡುತ್ತದೆ ಎಂದು ಲೆಕ್ಕ ಹಾಕಿದ. ನೀರಿನಲ್ಲಿ ಹುಟ್ಟುವ ಪ್ರತಿ ಗುಳ್ಳೆಗೂ ಅದರ ಗಾತ್ರಕ್ಕೆ ತಕ್ಕ ಒಂದು ಸ್ವಂತ ಶ್ರುತಿ ಇದೆ. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಮೂರು ಸಾವಿರ ಚಿಲ್ಲರೆ ಸಲ ಹಿಗ್ಗಿ ಕುಗ್ಗುತ್ತದೆ. ಅದೇ ಲೆಕ್ಕವನ್ನು ಒಂದು ಮೈಕ್ರೋಮೀಟರ್‌ಗೆ ಇಳಿಸಿದರೆ ಕೆಲವು ಮೆಗಾಹರ್ಟ್ಸ್ ಬರುತ್ತದೆ. ಹೊಟ್ಟೆಯ ಸ್ಕ್ಯಾನಿಂಗಿಗೆ ಬಳಸುವುದೂ ಸರಿಸುಮಾರು 2ರಿಂದ 5 ಮೆಗಾಹರ್ಟ್ಸ್! ರಕ್ತಕಣದ ಜೊತೆ ಲೋಮನಾಳದಲ್ಲಿ ನುಸುಳಬಲ್ಲ ಗುಳ್ಳೆಗೂ, ದೇಹದೊಳಗೆ ಇಳಿಯಬಲ್ಲ ಶಬ್ದಕ್ಕೂ ಶ್ರುತಿ ಕೂಡಿಬಂದದ್ದು ಯಾರ ಜಾಣತನವೂ ಅಲ್ಲ, ಪ್ರಕೃತಿ ಕೊಟ್ಟ ಅದೃಷ್ಟ.

ಮೆಲ್ಲಗೆ ಕುಣಿಯುವ ಗುಳ್ಳೆ ರಕ್ತನಾಳದ ಗೋಡೆಯನ್ನು ತಳ್ಳಿ ಎಳೆದು ಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸುತ್ತದೆ. ಶಬ್ದದ ಒತ್ತಡ ಹೆಚ್ಚಿಸಿದರೆ ಒಮ್ಮೆಲೇ ಕುಸಿದು ಸಿಡಿಯುತ್ತದೆ. ಆಗ ಕೋಶದ ಪೊರೆಯಲ್ಲೇ ತೂತು ಬೀಳುತ್ತದೆ. ಈ ಕುಸಿತದ ಗಣಿತವನ್ನು ಲಾರ್ಡ್ ರೇಲಿ 1917ರಲ್ಲೇ ಬರೆದಿದ್ದರು. ಹಡಗಿನ ಪ್ರೊಪೆಲ್ಲರ್‌ಗಳನ್ನು ಗುಳ್ಳೆಗಳು ತಿಂದುಹಾಕುವ ಸಮಸ್ಯೆ ಆಗ ಎಂಜಿನಿಯರುಗಳನ್ನು ಕಾಡುತ್ತಿತ್ತು. ಕಂಚನ್ನೇ ಕೊರೆಯುವ ಶಕ್ತಿಯನ್ನು ರಕ್ತನಾಳದೊಳಗೆ ಬಿಡುತ್ತಿದ್ದೇವೆ ಎಂಬ ಎಚ್ಚರ ಈ ಕ್ಷೇತ್ರದವರಿಗೆ ಸದಾ ಬೇಕು. ಬರ್ಗೆನ್‌ನವರು ಶಬ್ದವನ್ನು ತೀರಾ ಕಡಿಮೆ ಮಟ್ಟದಲ್ಲಿ, ಸಿಡಿಸದೆ ಕುಣಿಸುವಷ್ಟೇ ಇಟ್ಟಿದ್ದರು.

ನ್ಯಾನೊ ಯಾಕೆ ಬೇಕಾಯಿತು?

ಎರಡೂವರೆ ಮೈಕ್ರೋಮೀಟರ್ ಗುಳ್ಳೆಗೆ ಒಂದು ಮಿತಿಯಿದೆ. ಅದು ರಕ್ತನಾಳ ಬಿಟ್ಟು ಆಚೆ ಹೋಗಲಾರದು. ಅವಸರದಲ್ಲಿ ಬೆಳೆದ ಗಡ್ಡೆಯ ರಕ್ತನಾಳಗಳಲ್ಲಿ ನೂರಾರು ನ್ಯಾನೊಮೀಟರ್ ಅಗಲದ ಬಿರುಕುಗಳಿರುತ್ತವೆ. 200 ನ್ಯಾನೊಮೀಟರ್ ಗುಳ್ಳೆಯಾದರೆ ಅವುಗಳಲ್ಲಿ ತೂರಿ ಗಡ್ಡೆಯೊಳಗೇ ಹೋಗಿ ಕೂರಬಹುದು, ಆಮೇಲೆ ಹೊರಗಿನಿಂದ ಶಬ್ದ ಕೊಟ್ಟು ಅಲ್ಲೇ ಒಡೆಯಬಹುದು ಎಂಬುದು ಲೆಕ್ಕಾಚಾರ. ಬಿರುಕಿನ ಮೂಲಕ ಸೋರಿ ಸೇರುವ ಈ ಗುಣವನ್ನು ಜಪಾನಿನ ಮತ್ಸುಮುರಾ ಮತ್ತು ಮಯೆದಾ 1986ರಲ್ಲಿ ತೋರಿಸಿದಾಗಿನಿಂದ ನ್ಯಾನೊ ಔಷಧಗಳ ಇಡೀ ಉದ್ಯಮ ಅದರ ಮೇಲೆ ನಿಂತಿದೆ. ಆದರೆ ಟೊರಾಂಟೊ ವಿಶ್ವವಿದ್ಯಾಲಯದ ತಂಡವೊಂದು ಹತ್ತು ವರ್ಷಗಳ ಪ್ರಬಂಧಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ತೆಗೆದಾಗ, ಚುಚ್ಚಿದ ನ್ಯಾನೊ ಕಣಗಳಲ್ಲಿ ಗಡ್ಡೆ ತಲುಪಿದ್ದರ ಮಧ್ಯಾಂಕ ಬರೀ ಶೇ 0.7! ಉಳಿದದ್ದರಲ್ಲಿ ದೊಡ್ಡ ಪಾಲನ್ನು ಯಕೃತ್ತು, ಗುಲ್ಮಗಳು ಹೀರಿಕೊಳ್ಳುತ್ತವೆ. ಆ ಬಹುಪಾಲು ಅಧ್ಯಯನಗಳು ಇಲಿಗಳ ಮೇಲಿನವು. ಮನುಷ್ಯನ ಗಡ್ಡೆ ನಿಧಾನವಾಗಿ ಬೆಳೆಯುವಂಥದ್ದು, ಇಲಿಯ ಗಡ್ಡೆಯಷ್ಟು ಸೋರುವುದಿಲ್ಲ. ಸೋರುವುದನ್ನು ಕಾಯುತ್ತ ಕೂರುವ ಬದಲು ಶಬ್ದ ಹಾಕಿ ತಳ್ಳುವ ಗುಳ್ಳೆಗೆ ಬೆಲೆ ಬಂದದ್ದು ಈ ಹತಾಶೆಯಿಂದಲೇ.

ಇನ್ನು ಅಷ್ಟು ಚಿಕ್ಕ ಗುಳ್ಳೆಯನ್ನು ಉಳಿಸಿಕೊಳ್ಳುವುದು ದೊಡ್ಡ ಫಜೀತಿ. ಬಲೂನು ಊದುವಾಗ ಮೊದಲ ಉಸಿರೇ ಕಷ್ಟದ್ದು, ಹಿಗ್ಗಿದ ಮೇಲೆ ಸಲೀಸು. ಗುಳ್ಳೆಯೂ ಹಾಗೆ, ಚಿಕ್ಕದಾದಷ್ಟೂ ಮೇಲ್ಮೈ ಹೆಚ್ಚು ಬಿಗಿಯಾಗಿ ಒಳಗಿನ ಅನಿಲವನ್ನು ಹಿಂಡುತ್ತದೆ. ಶುದ್ಧ ನೀರಿನಲ್ಲಿ 200 ನ್ಯಾನೊಮೀಟರ್ ವ್ಯಾಸದ ಗುಳ್ಳೆಯೊಳಗೆ ಹದಿನಾಲ್ಕು ವಾಯುಭಾರದಷ್ಟು ಹೆಚ್ಚುವರಿ ಒತ್ತಡ. ಕಣ್ಣು ಮಿಟುಕಿಸುವುದರೊಳಗೆ ಅನಿಲ ನೀರಿಗೆ ಕರಗಿ ಗುಳ್ಳೆಯೇ ಇಲ್ಲವಾಗಬೇಕು. ಜೊತೆಗೆ ಮಿನಾರ್ಟ್ ಲೆಕ್ಕದ ಪ್ರಕಾರ ಅದರ ಶ್ರುತಿ ಸ್ಕ್ಯಾನಿಂಗ್ ಯಂತ್ರದ ವ್ಯಾಪ್ತಿ ಮೀರಿ ಎಲ್ಲೋ ಮೇಲೆ ಹೋಗಿಬಿಡುತ್ತದೆ. ಹಾಗಾಗಿ 'ನ್ಯಾನೊ ಗುಳ್ಳೆ ಇರಲು ಸಾಧ್ಯವಿಲ್ಲ, ಇದ್ದರೂ ಅಲ್ಟ್ರಾಸೌಂಡಿಗೆ ಕಾಣದು' ಎಂದು ವಾದಿಸುವ ಭೌತವಿಜ್ಞಾನಿಗಳಿಗೆ ಕೊರತೆಯಿರಲಿಲ್ಲ.

ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಅಗಾಟಾ ಎಕ್ಸ್‌ನರ್ ತಂಡ ಇದಕ್ಕೆ ಕೊಟ್ಟ ಉತ್ತರ ನೋಡುವಂತಿದೆ. ಕೊಬ್ಬಿನ ಪೊರೆಗೆ ಗ್ಲಿಸರಾಲ್ ಎಂಬ ಗಡುಸು ಕೊಡುವ ಅಂಶವನ್ನೂ, ಪ್ರೊಪಿಲಿನ್ ಗ್ಲೈಕಾಲ್ ಎಂಬ ಬಳುಕುವಿಕೆ ಕೊಡುವ ಅಂಶವನ್ನೂ ಸೇರಿಸಿದರು. ದ್ರಾವಣವನ್ನು ಪುಟ್ಟ ಸೀಸೆಯಲ್ಲಿ ಮುಚ್ಚಿ, ಮೇಲಿನ ಗಾಳಿ ತೆಗೆದು ಆಕ್ಟಾಫ್ಲೋರೋಪ್ರೊಪೇನ್ ಅನಿಲ ತುಂಬಿ, ಯಂತ್ರದಲ್ಲಿ 45 ಸೆಕೆಂಡು ಗಡಗಡ ಅಲ್ಲಾಡಿಸುತ್ತಾರೆ. ನೊರೆ ತುಂಬುತ್ತದೆ, ದೊಡ್ಡದು ಚಿಕ್ಕದು ಎಲ್ಲ ಸೇರಿ. ಈಗ ಸೀಸೆಯನ್ನು ತಲೆಕೆಳಗು ಮಾಡಿ ಸೆಂಟ್ರಿಫ್ಯೂಜ್‌ನಲ್ಲಿ ಐದು ನಿಮಿಷ ನಿಧಾನಕ್ಕೆ ತಿರುಗಿಸುತ್ತಾರೆ. ದೊಡ್ಡ ಗುಳ್ಳೆಗಳು ಮೇಲಕ್ಕೇರುತ್ತವೆ. ಕೆಳಗೆ ಬಂದಿರುವ ರಬ್ಬರ್ ಬಿರಡೆಗೆ ಸೂಜಿ ಚುಚ್ಚಿ, ತಳದಿಂದ ಕೆಲವೇ ಮಿಲಿಮೀಟರ್ ಎತ್ತರದಲ್ಲಿ ಸಿಗುವ ದ್ರವವನ್ನು ಎಳೆದುಕೊಂಡರೆ ಅದರಲ್ಲಿರುವುದು ನ್ಯಾನೊ ಗುಳ್ಳೆ.

ಅದು ಗುಳ್ಳೆಯೇ ಎಂದು ನಂಬುವುದು ಹೇಗೆ? ಬೆಳಕು ಚೆದುರಿಸಿ ಗಾತ್ರ ಅಳೆಯುವ ಸಾಮಾನ್ಯ ಉಪಕರಣಕ್ಕೆ ಅನಿಲದ ಗುಳ್ಳೆಯೂ ಒಂದೇ, ಕೊಬ್ಬಿನ ಚೂರೂ ಒಂದೇ. ಎಷ್ಟೋ ಹಳೆಯ ಪ್ರಬಂಧಗಳಲ್ಲಿ ನ್ಯಾನೊ ಗುಳ್ಳೆ ಎಂದು ಎಣಿಸಿದ್ದರಲ್ಲಿ ಕೊಬ್ಬಿನ ಚೂರೆಷ್ಟು ಎಂಬ ಅನುಮಾನ ಹುಟ್ಟಲು ಇದೇ ಕಾರಣ. 2019ರಲ್ಲಿ ಎಕ್ಸ್‌ನರ್ ತಂಡ ಬಳಸಿದ ಉಪಾಯ ಆರ್ಕಿಮಿಡೀಸನದು. ಸೂಕ್ಷ್ಮ ಕಾಲುವೆ ಕೊರೆದ, ಸದಾ ಕಂಪಿಸುತ್ತಿರುವ ಸಿಲಿಕಾನ್ ಪಟ್ಟಿಯೊಳಗೆ ದ್ರವ ಹರಿಸಿದರು. ನೀರಿಗಿಂತ ಭಾರದ ಕಣ ದಾಟಿದರೆ ಕಂಪನ ತಗ್ಗುತ್ತದೆ, ಹಗುರವಾದದ್ದು ದಾಟಿದರೆ ಏರುತ್ತದೆ. ತೇಲುವುದೆಷ್ಟು, ಮುಳುಗುವುದೆಷ್ಟು ಎಂದು ಒಂದೊಂದೇ ಎಣಿಸಿ ಗುಳ್ಳೆಯ ಅಸ್ತಿತ್ವ ಸಾಬೀತು ಮಾಡಿದರು. ಅದೇ ತಂಡ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ಗುರುತು ಹಿಡಿದು ಅಂಟಿಕೊಳ್ಳುವ ನ್ಯಾನೊ ಗುಳ್ಳೆಗಳನ್ನೂ ಮಾಡಿ ಇಲಿಗಳಲ್ಲಿ ತೋರಿಸಿದೆ.

ಮದ್ದಿಗೆ ಜಾಗವೆಲ್ಲಿ?

ಚಿತ್ರಗಳಲ್ಲಿ ನ್ಯಾನೊ ಗುಳ್ಳೆಯ ಹೊಟ್ಟೆ ತುಂಬ ಔಷಧ ಬಿಡಿಸಿರುತ್ತಾರೆ. ನಿಜದಲ್ಲಿ ಹೊಟ್ಟೆಯೊಳಗಿರುವುದು ಅನಿಲ. ಅನಿಲದಲ್ಲಿ ಔಷಧ ಕರಗದು. ಜಾಗವಿರುವುದು ಕೆಲವೇ ನ್ಯಾನೊಮೀಟರ್ ದಪ್ಪದ ಪೊರೆಯಲ್ಲಿ. ಅಲ್ಲಿ ಹಿಡಿಯುವ ಕೀಮೋ ಔಷಧ ಎಷ್ಟು ಕಡಿಮೆಯೆಂದರೆ, ರೋಗಿಗೆ ಬೇಕಾದ ಪ್ರಮಾಣ ಮುಟ್ಟಿಸಲು ಗುಳ್ಳೆಗಳ ಸಂಖ್ಯೆಯನ್ನು ಚಿತ್ರಕ್ಕೆ ಬಳಸುವುದಕ್ಕಿಂತ ಬಹಳ ಮೇಲಕ್ಕೆ ಒಯ್ಯಬೇಕು. ಮುಂಬೈ ಐಐಟಿಯ ರಿಂತಿ ಬ್ಯಾನರ್ಜಿ ಪ್ರಯೋಗಾಲಯ 2019ರಲ್ಲಿ ಪ್ರಕಟಿಸಿದ ದಾರಿ ನನಗೆ ಹೆಚ್ಚು ಪ್ರಾಯೋಗಿಕವಾಗಿ ಕಂಡಿತು. ಗುಳ್ಳೆಗೆ ಔಷಧ ತುಂಬುವ ಗೊಡವೆಗೆ ಹೋಗದೆ, ಪ್ಯಾಕ್ಲಿಟಾಕ್ಸೆಲ್ ಎಂಬ ಕೀಮೋ ಔಷಧ ತುಂಬಿದ ಲೈಪೋಸೋಮ್‌ಗಳನ್ನು, ಅಂದರೆ ಕೊಬ್ಬಿನ ಪುಟ್ಟ ಚೀಲಗಳನ್ನು, ನ್ಯಾನೊ ಗುಳ್ಳೆಗೆ ಜೋಡಿಸಿದರು. ಹೊರುವುದು ಲೈಪೋಸೋಮ್, ಶಬ್ದ ಬಿದ್ದಾಗ ಸಿಡಿಯುವುದು ಗುಳ್ಳೆ. ಇದಿನ್ನೂ ಪ್ರಯೋಗಾಲಯದ ಮಟ್ಟದ ಕೆಲಸ. ಆಕ್ಸ್‌ಫರ್ಡ್‌ನ ಜೇಮ್ಸ್ ಕ್ವಾನ್, ಕಾನ್‌ಸ್ಟಾಂಟಿನ್ ಕೂಸಿಯೋಸ್ ಮತ್ತವರ ಸಂಗಡಿಗರು ಗುಳ್ಳೆಯನ್ನೇ ಕೈಬಿಟ್ಟು, ಮೈಮೇಲೆ ಕುಳಿಯಿರುವ ಪಾಲಿಮರ್ ಕಣಗಳನ್ನು ಮಾಡಿ ಆ ಕುಳಿಯಲ್ಲಿ ಅನಿಲವನ್ನು ಸಿಕ್ಕಿಸಿದರು. ಕಣ ಗಟ್ಟಿ ಇರುವುದರಿಂದ ಗಾತ್ರ ಏರುಪೇರಾಗದು. ಅಲ್ಲಿ ಹುಟ್ಟಿದ ಆಕ್ಸ್‌ಸೋನಿಕ್ಸ್ ಕಂಪನಿ, ದೊಡ್ಡ ಕರುಳಿನಿಂದ ಯಕೃತ್ತಿಗೆ ಹರಡಿದ ಕ್ಯಾನ್ಸರ್ ರೋಗಿಗಳಲ್ಲಿ ಇದನ್ನು ಪ್ರಯೋಗಕ್ಕೆ ಒಯ್ದಿದೆ.

ಆದರೆ ಮನುಷ್ಯರಲ್ಲಿ ಅತಿ ಮುಂದೆ ಹೋಗಿರುವುದು ನ್ಯಾನೊ ಅಲ್ಲ, ಹಳೆಯ ಮೈಕ್ರೋ ಗುಳ್ಳೆಯೇ, ಜಾಗ ಮಿದುಳು. ಮಿದುಳಿನ ರಕ್ತನಾಳಗಳ ಗೋಡೆ ಎಷ್ಟು ಬಿಗಿಯೆಂದರೆ ಬಹುತೇಕ ಔಷಧಗಳು ಒಳಗೆ ಹೋಗಲಾರವು. ಕುಲ್ಲೆರ್ವೋ ಹೈನಿನೆನ್ ತಂಡ 2001ರಲ್ಲಿ ಬಾಸ್ಟನ್‌ನಲ್ಲಿ ಮೊಲಗಳ ಮೇಲೆ, ಗುಳ್ಳೆ ಮತ್ತು ಒಂದೆಡೆ ಕೇಂದ್ರೀಕರಿಸಿದ ಶಬ್ದದಿಂದ ಆ ಗೋಡೆಯನ್ನು ತಾತ್ಕಾಲಿಕವಾಗಿ ತೆರೆಯಬಹುದೆಂದು ತೋರಿಸಿತು. ತಲೆಬುರುಡೆ ಬಿಚ್ಚದೆ ಮನುಷ್ಯನ ಮಿದುಳಿನ ಗಡ್ಡೆಗೆ ಇದನ್ನು ಮೊದಲು ಮಾಡಿದ್ದು 2015ರ ನವೆಂಬರ್‌ನಲ್ಲಿ, ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆಯಲ್ಲಿ. ಮೊಲದಿಂದ ಮನುಷ್ಯನಿಗೆ ಬರಲು ಹದಿನಾಲ್ಕು ವರ್ಷ. ರೋಗಿಯ ತಲೆ ಬೋಳಿಸಿ, ಸಾವಿರಕ್ಕೂ ಹೆಚ್ಚು ಶಬ್ದಮೂಲಗಳಿರುವ ಶಿರಸ್ತ್ರಾಣದೊಳಗೆ ತಂಪು ನೀರು ಹರಿಸುತ್ತ, ಎಂಆರ್‌ಐ ಸುರಂಗದಲ್ಲಿ ಮಲಗಿಸಿ ಮಾಡುವ ಕೆಲಸ ಇದು. ಷಿಕಾಗೊದ ನಾರ್ತ್‌ವೆಸ್ಟರ್ನ್ ವೈದ್ಯರು ಬೇರೆ ದಾರಿ ಹಿಡಿದರು: ಫ್ರಾನ್ಸಿನಲ್ಲಿ ತಯಾರಾದ ಅಲ್ಟ್ರಾಸೌಂಡ್ ಸಾಧನವನ್ನು ಆಪರೇಷನ್ ವೇಳೆ ತಲೆಬುರುಡೆಯಲ್ಲೇ ಕೂರಿಸಿ, ಆಮೇಲೆ ಪ್ರತಿ ಕೀಮೋಗೂ ರೋಗಿ ಎಚ್ಚರವಿರುವಾಗಲೇ ನಾಲ್ಕು ನಿಮಿಷ ಚಾಲೂ ಮಾಡುವುದು. 2023ರಲ್ಲಿ ಪ್ರಕಟವಾದ 17 ರೋಗಿಗಳ ಆ ಅಧ್ಯಯನದಲ್ಲಿ ಮಿದುಳಿಗೆ ಸೇರಿದ ಪ್ಯಾಕ್ಲಿಟಾಕ್ಸೆಲ್ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ತೆರೆದ ಗೋಡೆ ಒಂದು ಗಂಟೆಯೊಳಗೆ ಬಹುಪಾಲು ಮುಚ್ಚಿಕೊಂಡಿತ್ತು.

2024ರ ಜನವರಿಯಲ್ಲಿ ವೆಸ್ಟ್ ವರ್ಜೀನಿಯಾದಿಂದ ಇನ್ನೊಂದು ಸುದ್ದಿ. ಮೂವರು ಆಲ್‌ಜೈಮರ್ಸ್ ರೋಗಿಗಳಿಗೆ ಅಡುಕನುಮ್ಯಾಬ್ ಔಷಧದ ಜೊತೆ ಆರು ತಿಂಗಳು ಗುಳ್ಳೆ ಮತ್ತು ಶಬ್ದ ಕೊಟ್ಟಾಗ, ಶಬ್ದ ಬಿದ್ದ ಭಾಗದಲ್ಲಿ ಅಮಿಲಾಯ್ಡ್ ಜಿಡ್ಡು ಬೀಳದ ಭಾಗಕ್ಕಿಂತ ಸರಾಸರಿ ಶೇ 32ರಷ್ಟು ಹೆಚ್ಚು ಇಳಿದಿತ್ತು. ಅದೇ ತಿಂಗಳ ಕೊನೆಯ ದಿನ ಆ ಔಷಧದ ಕಂಪನಿ ತಾನು ಅದನ್ನು ಕೈಬಿಡುತ್ತಿರುವುದಾಗಿ ಘೋಷಿಸಿತು. ಗುಳ್ಳೆ ಗೆದ್ದಾಗ ಮದ್ದು ಮಾರುಕಟ್ಟೆಯಲ್ಲಿ ಸೋತಿತ್ತು. ಬೇರೆಯವರ ಔಷಧದ ಹೆಗಲೇರಿ ಸಾಗುವ ತಂತ್ರಕ್ಕೆ ಇಂಥ ಅಪಾಯ ತಪ್ಪಿದ್ದಲ್ಲ.

ಕಚೇರಿಗಳ ದಾರಿ ಇನ್ನೂ ಉದ್ದ. ಔಷಧಕ್ಕೆ ಒಂದು ಪರವಾನಗಿ, ಗುಳ್ಳೆಗೆ ಒಂದು, ಯಂತ್ರಕ್ಕೆ ಮತ್ತೊಂದು, ಮೂರೂ ಕೂಡಿ ಮಾಡುವ ಕೆಲಸಕ್ಕೆ ಬೇರೆಯೇ ಪರೀಕ್ಷೆ. ನಮ್ಮಲ್ಲಿ ಯಂತ್ರಕ್ಕೆ 2017ರ ವೈದ್ಯಕೀಯ ಸಾಧನಗಳ ನಿಯಮ, ಔಷಧಕ್ಕೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮ. ಜೊತೆಗೆ ಹೆಣ್ಣು ಭ್ರೂಣಹತ್ಯೆ ತಡೆಗೆಂದು 1994ರಲ್ಲಿ ಬಂದ ಕಾನೂನಿನಡಿ ಸ್ಕ್ಯಾನಿಂಗ್ ಯಂತ್ರಗಳೆಲ್ಲ ನೋಂದಣಿಯಾಗಬೇಕು. ಆ ಕಾನೂನು ನಮಗೆ ಬೇಕೇಬೇಕು, ಸಡಿಲಿಸಿ ಎನ್ನಲು ನನಗೆ ಬಾಯಿ ಬಾರದು. ಕೀಮೋ ವಾರ್ಡಿನಲ್ಲಿ ಅಲ್ಟ್ರಾಸೌಂಡ್ ಇಡುವ ಆಸ್ಪತ್ರೆಗೆ ಅದೂ ಒಂದು ಕಡತ ಎಂಬುದಷ್ಟೇ ಮಾತು.

ನಿಯಂತ್ರಕರ ಬಿಗಿಯನ್ನು ಕಂಡು ಸಿಡುಕುವವರು ಟೂಸಾನ್ ಪ್ರಯೋಗವನ್ನು ನೆನೆಯಬೇಕು. ಪಾರ್ಶ್ವವಾಯು ರೋಗಿಗಳ ಮಿದುಳಿನ ಹೆಪ್ಪು ಕರಗಿಸಲು ಔಷಧ, ಗುಳ್ಳೆ, ಶಬ್ದ ಮೂರನ್ನೂ ಒಟ್ಟಿಗೆ ಕೊಟ್ಟ ಆ ಅಧ್ಯಯನ ಪ್ರಕಟವಾದದ್ದು 2009ರಲ್ಲಿ. 1.4 ಮಿಲಿಲೀಟರ್ ಗುಳ್ಳೆ ಪಡೆದ 12 ಜನರಲ್ಲಿ ಯಾರಿಗೂ ತೊಂದರೆ ಕೊಡುವ ರಕ್ತಸ್ರಾವವಾಗಲಿಲ್ಲ. ಪ್ರಮಾಣವನ್ನು 2.8ಕ್ಕೆ ಏರಿಸಿದಾಗ 11 ಜನರಲ್ಲಿ ಮೂವರಿಗೆ ಮಿದುಳಿನಲ್ಲಿ ರಕ್ತಸ್ರಾವವಾಯಿತು. ಪ್ರಯೋಗ ಅಲ್ಲಿಗೇ ನಿಂತಿತು. ಪ್ರಮಾಣ ಇಮ್ಮಡಿಯಾದದ್ದೇ ತಡ, ಇಷ್ಟು. ಗುಳ್ಳೆಯನ್ನು ಸರಿಯಾಗಿ ಎಣಿಸುವುದು, ಪ್ರತಿ ಸೀಸೆಯಲ್ಲೂ ಅದೇ ಗಾತ್ರ ಅದೇ ಸಂಖ್ಯೆ ಬರುವಂತೆ ನೋಡುವುದು ಯಾಕೆ ಜೀವದ ಪ್ರಶ್ನೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಕೈಯಲ್ಲಿ ಸೂಜಿ ಹಿಡಿದು ಸೀಸೆಯ ತಳದಿಂದ ಎಳೆದುಕೊಳ್ಳುವ ವಿಧಾನ ಲ್ಯಾಬಿಗೆ ಸಾಕು, ಕಾರ್ಖಾನೆಗೆ ಸಾಲದು. ಅನಿಲ ತುಂಬಿದ ಪೊರೆಯನ್ನು ಕುದಿಸಿ ಸ್ಟೆರಿಲೈಸ್ ಮಾಡಲಾಗದು, ಟ್ಯಾಬ್ಲೆಟ್‌ನಂತೆ ಡಬ್ಬಿಯಲ್ಲಿಟ್ಟು ಎರಡು ವರ್ಷ ಮಾರಲೂ ಆಗದು.

ನನ್ನ ತೀರ್ಮಾನ ಇಷ್ಟು: ಬರ್ಗೆನ್‌ನವರು ಗೆದ್ದದ್ದು ಹೊಸ ಗುಳ್ಳೆಯಿಂದಲ್ಲ. ಆಗಲೇ ಪರವಾನಗಿ ಇದ್ದ ಔಷಧ, ಪರವಾನಗಿ ಇದ್ದ ಗುಳ್ಳೆ, ಆಸ್ಪತ್ರೆಯಲ್ಲೇ ಇದ್ದ ಯಂತ್ರ ಮೂರನ್ನೂ ಒಂದೇ ಕೋಣೆಗೆ ತಂದರು. ಮುಂದಿನ ಕೆಲವು ವರ್ಷ ರೋಗಿಗಳಿಗೆ ಏನಾದರೂ ದಕ್ಕುವುದಿದ್ದರೆ ಈ ದಾರಿಯಿಂದಲೇ. ಮದ್ದು ಹೊತ್ತ ನ್ಯಾನೊ ಗುಳ್ಳೆ ಅದರ ಹಿಂದೆ, ಇನ್ನೂ ಸಾಕಷ್ಟು ದೂರದಲ್ಲಿ ಬರುತ್ತಿದೆ.

ಹಾಗಾಗಿ ಮನೆಯಲ್ಲಿ ಕ್ಯಾನ್ಸರ್ ರೋಗಿ ಇರುವವರಿಗೆ ಒಂದು ಮಾತು. ಶಬ್ದದಿಂದ ಸಿಡಿದು ಮದ್ದು ಬಿಡುವ ನ್ಯಾನೊ ಗುಳ್ಳೆಗೆ ಯಾವ ದೇಶದ ನಿಯಂತ್ರಕರೂ ಚಿಕಿತ್ಸೆಯಾಗಿ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಹಣ ಪಡೆದು ಇದನ್ನು ಕೊಡುತ್ತೇವೆಂದು ಯಾರಾದರೂ ಕರೆದರೆ, ಮೊದಲು ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಸಂಖ್ಯೆ ಕೇಳಿ. 2009ರಿಂದ ಆ ನೋಂದಣಿ ಕಡ್ಡಾಯ, ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಅಧಿಕೃತ ಪ್ರಯೋಗದಲ್ಲಿ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡನ್ನೂ 2019ರ ನಿಯಮಗಳು ಕೊಡಿಸುತ್ತವೆ. ಸಂಖ್ಯೆ ಕೊಡಲು ತಡವರಿಸುವವರ ಬಾಗಿಲಿಗೆ ಹೋಗಬೇಡಿ.